ಡಂಡೀ ಬಂದಾಗ ಗೋಣಿ ಎತ್ತಬೇಕು

ಅಮೆರಿಕದ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ಇಂಡಿಯನ್ ಅಂಗಡಿಗಳ ಸಾಲಿನ ಕೊನೆಯಲ್ಲಿ ಒಂದು ದೊಡ್ಡ ಮೀನಿನ ಮಾರ್ಕೆಟ್ ಇದೆ. ಅಲ್ಲಿ ಹದಿನಾರು ವರ್ಷದಿಂದ ಮೀನು ಹೆಚ್ಚುವವಳು ತುಳಸಿ. ಐವತ್ತೆರಡು ವರ್ಷದ, ಗಿಡ್ಡನೆಯ, ಮಾತು ಕಡಿಮೆಯ ಹೆಂಗಸು. ಕೇರಳದವರು, ಬಾಂಗ್ಲಾದವರು, ವಿಯೆಟ್ನಾಮಿನವರು ಬೇರೆ ಕೈ ಖಾಲಿ ಇದ್ದರೂ ಬೇಡವೆಂದು ಅವಳ ಕತ್ತಿಗೇ ಕಾದು ನಿಲ್ಲುತ್ತಾರೆ. ಆದರೆ ಶುಕ್ರವಾರ ಅವಳು ಆ ಕಟ್ಟೆಯ ಹಿಂದೆ ಸಿಗುವುದಿಲ್ಲ. ಶುಕ್ರವಾರ ಮುಂದೆ ಬಿಲ್ ಹಾಕುವ ಕಡೆ ಕೂತಿರುತ್ತಾಳೆ. ಮೀನಿನ ಚೀಲ ಬಂದರೆ ಪಕ್ಕದವಳ ಕಡೆ ತೋರಿಸುತ್ತಾಳೆ. ಏಕೆಂದು ಯಾರಿಗೂ ಹೇಳಿದವಳಲ್ಲ. ಕೈನೋವಿರಬೇಕು ಎಂದು ಅಲ್ಲಿಯವರು ಅಂದುಕೊಂಡಿದ್ದಾರೆ.

ಅವಳ ತವರು ಮಲ್ಪೆ. ತಂದೆ ದೋಣಿಗೆ ಹೋಗುತ್ತಿದ್ದರು, ತಾಯಿ ಬುಟ್ಟಿ ಹೊತ್ತು ಉಡುಪಿಯ ಬೀದಿಗಳಲ್ಲಿ ಮೀನು ಮಾರುತ್ತಿದ್ದಳು. ತುಳಸಿಗೆ ಆರು ವರ್ಷವಾಗಿದ್ದಾಗ ತೂಫಾನಿಗೆ ಸಿಕ್ಕಿದ ತಂದೆಯ ದೋಣಿ ಮೂರು ದಿನ ಬರಲಿಲ್ಲ. ತಾಯಿ ಉಚ್ಚಿಲದ ಮಹಾಲಕ್ಷ್ಮಿಗೆ ಹೇಳಿಕೊಂಡಳು: ಈ ಮನುಷ್ಯ ದಡ ಮುಟ್ಟಿದರೆ ಇನ್ನು ಶುಕ್ರವಾರ ನಾನು ಮೀನು ಮುಟ್ಟುವುದಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಂದೆ ಬಂದರು. ಮೀನು ಮಾರಿ ಬದುಕುವವಳು ವಾರಕ್ಕೊಂದು ದಿನ ಬುಟ್ಟಿ ಕೆಳಗಿಟ್ಟರೆ ಮನೆ ನಡೆಯುವುದು ಹೇಗೆ? ‘ದೇವಿಗೆ ಒಂದು ತೆಂಗಿನಕಾಯಿ ಸಾಕಿತ್ತು, ನೀನು ಶುಕ್ರವಾರವನ್ನೇ ಕೊಟ್ಟೆಯಲ್ಲ ಮಾರಾಯ್ತಿ’ ಎಂದು ಜೊತೆಯವರು ಛೇಡಿಸುತ್ತಿದ್ದರು. ತಾಯಿ ನಗುತ್ತಿದ್ದಳು. ಸಾಯುವವರೆಗೂ ಆ ಮಾತು ನಡೆಸಿದಳು.

ತಾಯಿ ಹೋದಾಗ ತುಳಸಿ ಹ್ಯೂಸ್ಟನ್ನಿನಲ್ಲಿದ್ದಳು. ಅಲ್ಲಿ ನೆಲೆಸುವ ಕಾಗದಪತ್ರ ಇನ್ನೂ ಕೈಗೆ ಬಂದಿರಲಿಲ್ಲ, ದೇಶ ಬಿಟ್ಟರೆ ತಿರುಗಿ ಬರುವುದು ಕಷ್ಟವಿತ್ತು. ಹೋಗಲಾಗಲಿಲ್ಲ. ಆ ವಾರದ ಶುಕ್ರವಾರ ಫ್ರಿಜ್ಜಿನ ಮೇಲಿನ ದೇವಿಯ ಪಟಕ್ಕೆ ಕೈಮುಗಿದು, ತಾಯಿಯ ಶುಕ್ರವಾರವನ್ನು ತಾನು ತೆಗೆದುಕೊಂಡಳು. ಯಾರೂ ಕೇಳಿರಲಿಲ್ಲ, ಯಾರಿಗೂ ಹೇಳಬೇಕೆನಿಸಲೂ ಇಲ್ಲ. ಮನೆಯಲ್ಲಿ ಗಂಡನಿಗೂ ಮಗಳಿಗೂ ಮಾತ್ರ ಗೊತ್ತು.

ಗಂಡ ಚಿದಾನಂದ್ ಹೊನ್ನಾವರದವನು. ಹ್ಯೂಸ್ಟನ್ ಬಂದರಿನಲ್ಲಿ ಸರಕು ಎತ್ತುವ ಕ್ರೇನುಗಳ ಹಗ್ಗ, ಸರಪಳಿ, ಕೊಂಡಿಗಳನ್ನು ತಪಾಸಣೆ ಮಾಡುವ ಕೆಲಸ. ಅವಳ ಮನೆಮಾತು ತುಳು, ಅವನದು ಕನ್ನಡ. ಮದುವೆಯಾದಂದಿನಿಂದ ಇಬ್ಬರ ನಡುವೆ ಕನ್ನಡವೇ. ಅವಳು ಆಡದೆ ಉಳಿಸಿದ ಮಾತನ್ನೆಲ್ಲ ಅವನೇ ಆಡಿ ಮುಗಿಸುತ್ತಾನೆ. ಮಗಳು ಮಹತಿ ಆಸ್ಟಿನ್ನಿನಲ್ಲಿ ಓದಿ, ಅಲ್ಲೇ ಉತ್ತರಕ್ಕೆ ಲಿಯಾಂಡರಿನಲ್ಲಿ ಬಾಡಿಗೆ ಮನೆ ಹಿಡಿದು ಕೆಲಸಕ್ಕೆ ಹೋಗುತ್ತಾಳೆ. ಹ್ಯೂಸ್ಟನ್ನಿನ ಕನ್ನಡ ಕೂಟಗಳಿಗೆ ತುಳಸಿ ಚಿತ್ರಾನ್ನ ಮಾಡಿಕೊಂಡು ಹೋಗುತ್ತಿದ್ದಳು. ಕೆಲಸ ಏನೆಂದು ಕೇಳಿದರೆ ‘ಮಾರ್ಕೆಟ್ಟಿನಲ್ಲಿ’ ಎನ್ನುತ್ತಿದ್ದಳು. ಅವಳ ಬೆರಳುಗಳು ಏನನ್ನು ಬಲ್ಲವು ಎಂಬುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಅದು ಬೇಕಾದದ್ದು ಜೀನ್ ಬೀಟಿ ಎಂಬ ಮುದುಕಿಗೆ. ಆರು ವರ್ಷದ ಹಿಂದೆ ಒಂದು ಮಂಗಳವಾರ, ಬಿಳಿಗೂದಲಿನ ಎತ್ತರದ ಹೆಂಗಸೊಬ್ಬಳು ಕಟ್ಟೆಯ ಮುಂದೆ ನಿಂತು, ಏನೂ ಕೊಳ್ಳದೆ, ತುಳಸಿ ಬಂಗುಡೆ ಸೀಳುವುದನ್ನೇ ಅರ್ಧ ಗಂಟೆ ನೋಡಿದಳು. ಕೊನೆಗೆ ಕತ್ತಿ ಹಿಡಿಯಲು ಕಲಿಸಿದವರು ಯಾರೆಂದು ಕೇಳಿದಳು. ಅಮ್ಮ, ಎಂದಳು ತುಳಸಿ. ನನಗೂ ಅಮ್ಮನೇ, ಎಂದಳು ಆಕೆ.

ಜೀನಳ ಊರು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆಂಗಸ್ ಜಿಲ್ಲೆಯ ಆರ್ಬ್ರೋತ್. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕ ಕಾಲದಲ್ಲಿ ಅವಳ ಗಂಡ ಪಕ್ಕದ ಮಾಂಟ್ರೋಸ್ ಬಂದರಿನಲ್ಲಿ ಎಣ್ಣೆ ಕಂಪನಿಗೆ ಸೇರಿ, ಅಲ್ಲಿಂದ ಹ್ಯೂಸ್ಟನ್ನಿಗೆ ಶಿಫ್ಟ್ ಆಗಿದ್ದ. ಗಂಡ ತೀರಿಕೊಂಡರೂ ಅವಳು ಸ್ಟಾಫರ್ಡಿನಲ್ಲೇ ಉಳಿದಳು. ಅವಳ ಹಿತ್ತಿಲಿನಲ್ಲಿ ನೆಲಕ್ಕೆ ಅರ್ಧ ಹೂತ ಒಂದು ಓಕ್ ಮರದ ಪೀಪಾಯಿ ಇತ್ತು. ಹ್ಯಾಡಕ್ ಎಂಬ ಬಿಳಿಮೀನಿನ ತಲೆ, ಕರುಳು ತೆಗೆದು, ಒಂದು ರಾತ್ರಿ ಉಪ್ಪಿನಲ್ಲಿಟ್ಟು, ಮರುದಿನ ತೊಳೆದು, ಎರಡೆರಡು ಮೀನಿನ ಬಾಲಗಳನ್ನು ಹುರಿಯಿಂದ ಜೋಡಿ ಕಟ್ಟಿ, ಒಂದು ರಾತ್ರಿ ಆರಲು ಬಿಟ್ಟು, ಆಮೇಲೆ ಕೋಲುಗಳ ಮೇಲೆ ನೇತುಹಾಕಿ ಪೀಪಾಯಿಯ ಬೆಂಕಿಯ ಮೇಲೆ ಹೊಗೆ ಕೊಡುವುದು ಅವಳ ಊರಿನ ಕಸುಬು. ಮೇಲೆ ಒದ್ದೆ ಗೋಣಿಚೀಲ ಮುಚ್ಚಬೇಕು. ಮುಕ್ಕಾಲು ಗಂಟೆಯಲ್ಲಿ ಮೀನು ತಾಮ್ರದ ಬಣ್ಣಕ್ಕೆ ತಿರುಗಿ, ಬೆರಳು ಮುಟ್ಟಿದರೆ ಎಸಳೆಸಳಾಗಿ ಬಿಡುತ್ತದೆ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಲಿಯಾಂಡರಿನ ಆಚೆಯ ಮೈದಾನದಲ್ಲಿ ಟೆಕ್ಸಸ್ಸಿನ ಸ್ಕಾಟಿಷ್ ಜನ ಸೇರುವ ಮೇಳದಲ್ಲಿ ನಲವತ್ತು ವರ್ಷ ಅವಳು ಈ ಬೆಂಕಿ ಹಚ್ಚಿದ್ದಳು.

ತುಳಸಿ ರಜೆಯ ದಿನ ಅಲ್ಲಿಗೆ ಹೋಗತೊಡಗಿದಳು. ಮೊದಲ ದಿನ ಗೋಣಿ ಮುಚ್ಚಿದ ಮೇಲೆ ಅವಳು ಫೋನಿನಲ್ಲಿ ಟೈಮರ್ ಇಟ್ಟಳು. ಜೀನ್ ಅದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು.

“ನಮ್ಮಮ್ಮನ ಹತ್ತಿರ ಗಡಿಯಾರ ಇರಲಿಲ್ಲ, ಹುಡುಗಿ. ಅವಳ ಹತ್ತಿರ ಜಿಲ್ಲೆ ಇತ್ತು.”

ಹಾಗೆಂದು ಕುರ್ಚಿ ಎಳೆದುಕೊಂಡು ಹೇಳಲು ಶುರುಮಾಡಿದಳು. ಆಂಗಸ್ ಜಿಲ್ಲೆಯ ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ, ಊರಿಂದ ಊರಿಗೆ ನಡೆದುಹೋಗುವ ಹಾಗೆ, ಅವಸರವಿಲ್ಲದೆ.

ಮೊದಲು ಮಾಂಟ್ರೋಸ್. ಹ್ಯೂಸ್ಟನ್ನಿನಲ್ಲೂ ಆ ಹೆಸರಿನ ಒಂದು ಬಡಾವಣೆ ಇರುವುದರಿಂದ ತುಳಸಿ ಮೊದಲು ಅದೇ ಅಂದುಕೊಂಡಿದ್ದಳು. ಜೀನಳ ಮಾಂಟ್ರೋಸ್ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬರಿದಾಗುವ ಹಿನ್ನೀರು, ನಡುವೆ ಅಗಲ ಬೀದಿಯ ಊರು. ಚಳಿ ಶುರುವಾಗುವಾಗ ಉತ್ತರದಿಂದ ಸಾವಿರ ಸಾವಿರ ಕಾಡುಬಾತುಗಳು ಬಂದು ಆ ಕೆಸರಿನಲ್ಲಿ ಇಳಿಯುತ್ತವೆ. ಅಲ್ಲಿಂದ ಒಳನಾಡಿಗೆ ತಿರುಗಿದರೆ ಬ್ರೆಕಿನ್. ಸಾವಿರ ವರ್ಷದ ಹತ್ತಿರದ ಒಂದು ದುಂಡನೆಯ ಕಲ್ಲಿನ ಗೋಪುರ ಅಲ್ಲಿ ಇನ್ನೂ ನಿಂತಿದೆ. ದಾರಿಯ ಬದಿಯ ಹೊಲಗಳಲ್ಲಿ ಹಳೆಯ ಕಾಲದ ಜನ ಕೆತ್ತಿ ನಿಲ್ಲಿಸಿದ ಕಲ್ಲುಗಳಿವೆ. ಕುದುರೆ ಸವಾರರು, ಹಾವುಗಳು, ಕನ್ನಡಿಗಳು. ಕೆತ್ತಿದವರ ಮಾತು ಈಗ ಯಾರಿಗೂ ಬಾರದು. ಚಳಿಗಾಲದಲ್ಲಿ ಕೆಲವು ಕಲ್ಲುಗಳಿಗೆ ಹಿಮ ತಾಗದಂತೆ ಮರದ ಪೆಟ್ಟಿಗೆ ಹೊದಿಸುತ್ತಾರಂತೆ. ನಮ್ಮಲ್ಲಿ ಬೀದಿ ಬದಿಯ ವೀರಗಲ್ಲಿಗೆ ಎಣ್ಣೆ ಹಚ್ಚುವುದನ್ನು ತುಳಸಿ ನೆನೆದಳು. ಆಮೇಲೆ ಫೋರ್ಫರ್, ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಹೆಸರು ಕೊಟ್ಟಿದ್ದ ಊರು. ಅಲ್ಲಿಯವರಿಗೆ ಆ ಜಂಬ ಇನ್ನೂ ಇಳಿದಿಲ್ಲ ಎಂದು ಜೀನ್ ಬೇಕೆಂದೇ ಗಟ್ಟಿಯಾಗಿ ಹೇಳುತ್ತಿದ್ದಳು.

ಅಲ್ಲಿಂದ ಮತ್ತೆ ಸಮುದ್ರಕ್ಕೆ. ಬಂಡೆಯ ಮೇಲಿನ ಪುಟ್ಟ ಊರು ಆಕ್‌ಮಿಥಿ, ಜೀನಳ ಅಜ್ಜಿ ಹುಟ್ಟಿದ ಊರು. ಅಲ್ಲಿ ಹಡಗುಕಟ್ಟೆ ಇಲ್ಲದ ಕಾಲದಲ್ಲಿ ಹೆಂಗಸರು ಲಂಗ ಎತ್ತಿ ಕಟ್ಟಿ, ಗಂಡಂದಿರನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿದು ದೋಣಿಗೆ ಹತ್ತಿಸುತ್ತಿದ್ದರು. ದಿನವಿಡೀ ಕಡಲಲ್ಲಿ ಕೂರುವವನ ಕಾಲು ಬೆಳಿಗ್ಗೆಯೇ ಒದ್ದೆಯಾಗಬಾರದು ಎಂದು. ಹೊಗೆಮೀನು ಹುಟ್ಟಿದ್ದೂ ಅಲ್ಲೇ. ಉಪ್ಪುಮೀನಿನ ಪೀಪಾಯಿಗಳಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಬೂದಿ ಕೆದಕಿದವರು ರುಚಿ ಕಂಡರಂತೆ. ಆ ಜನವೇ ಇಳಿದು ಬಂದು ನೆಲೆಸಿದ್ದು ಆರ್ಬ್ರೋತಿನಲ್ಲಿ. ಅಲ್ಲಿ ಕೆಂಪು ಕಲ್ಲಿನ ಪಾಳುಮಠವಿದೆ. ಏಳುನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ದೊರೆಗಳು ನಾವು ಯಾರ ಕೈಕೆಳಗೂ ಬಾಳುವವರಲ್ಲ ಎಂದು ಪೋಪರಿಗೆ ಕಾಗದ ಕಳಿಸಿದ್ದು ಅಲ್ಲಿಂದ. ಮಠದ ಗೋಡೆಯಲ್ಲಿ ಎತ್ತರಕ್ಕೆ ಒಂದು ದುಂಡು ಕಿಟಕಿ. ಹಿಂದೆ ಅದರಲ್ಲಿ ದೀಪ ಹಚ್ಚಿ ದೋಣಿಗಳಿಗೆ ದಾರಿ ತೋರಿಸುತ್ತಿದ್ದರು. ದೂರದ ಕಡಲಲ್ಲಿ ಉಬ್ಬರಕ್ಕೆ ಮುಳುಗುವ ಬಂಡೆಯ ಮೇಲೆ ದೀಪಸ್ತಂಭ ಎದ್ದು ಇನ್ನೂರು ವರ್ಷ ದಾಟಿದೆ. ಆಮೇಲೆ ಗಾಲ್ಫಿನ ಕಾರ್ನೂಸ್ಟಿ. ಜೀನ್ ಅದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು, ಅವಳ ಪ್ರಕಾರ ಚೆಂಡು ಹುಡುಕುವವರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಕೊನೆಗೆ ಡಂಡೀ. ಈಗ ಸರ್ಕಾರದ ಲೆಕ್ಕದಲ್ಲಿ ಬೇರೆಯಾದರೂ ಜೀನಳ ಪಾಲಿಗೆ ಅದು ಆಂಗಸ್ಸೇ. ಬಂಗಾಳದಿಂದ ಸೆಣಬು ಹಡಗಿನಲ್ಲಿ ಬಂದು, ತಿಮಿಂಗಿಲದ ಎಣ್ಣೆಯಲ್ಲಿ ಮೆತ್ತಗಾಗಿ, ಅಲ್ಲಿಯ ಗಿರಣಿಗಳಲ್ಲಿ ಗೋಣಿಯಾಗುತ್ತಿತ್ತು. ಗಿರಣಿಗೆ ಹೋಗುವವರೆಲ್ಲ ಹೆಂಗಸರು. ಗಂಡಸರು ಮನೆಯಲ್ಲಿ ಚಹಾದ ನೀರು ಕಾಯಿಸಿಕೊಂಡು ಕಾಯುತ್ತಿದ್ದರು. ‘ಅಲ್ಲಿ ನೇಯ್ದ ಗೋಣಿ ಇದು’ ಎಂಬುದು ಕಥೆಯ ಕೊನೆಯ ಮಾತು. ಅಷ್ಟು ಹೇಳಿ ಗೋಣಿ ಎತ್ತಿದರೆ ಮೀನು ಬೆಂದಿರುತ್ತದೆ. ಆ ದಿನವೂ ಬೆಂದಿತ್ತು.

ಗಾಳಿ ಇದ್ದ ದಿನ? ಎಂದು ತುಳಸಿ ಒಮ್ಮೆ ಕೇಳಿದ್ದಳು. ಗಾಳಿಗೆ ಬೆಂಕಿ ಬೇಗ ಏರುತ್ತದೆ, ಮೀನಿಗೆ ಅಷ್ಟು ಹೊತ್ತು ಬೇಡ.

“ಗಾಳಿ ಇದ್ದರೆ ಅಮ್ಮ ಒಳನಾಡಿಗೆ ಹೋಗುತ್ತಿರಲಿಲ್ಲ” ಎಂದಿದ್ದಳು ಜೀನ್. “ಫೋರ್ಫರಿನವರಿಗೆ ಸಿಟ್ಟು ಬಂದರೆ ಬರಲಿ.”

ಐದು ವರ್ಷ ಹೀಗೆ ನಡೆಯಿತು. ತುಳಸಿ ಪ್ರತಿ ಮೇಳಕ್ಕೂ ಜೊತೆಗೆ ಹೋದಳು, ಕೈಗೆ ಕೈಯಾದಳು. ಮೇಳ ಶನಿವಾರ, ಮೀನು ಕಟ್ಟುವುದು ಶುಕ್ರವಾರ. ಆ ಶುಕ್ರವಾರಗಳನ್ನೆಲ್ಲ ಜೀನ್ ತಾನೇ ನೋಡಿಕೊಂಡಿದ್ದಳು. ತುಳಸಿ ಕೆಲಸದ ನೆವ ಹೇಳಿ ಶನಿವಾರ ಬೆಳಿಗ್ಗೆ ಮೈದಾನ ಸೇರುತ್ತಿದ್ದಳು.

ಹೋದ ವರ್ಷ ಜೀನಳ ಕೈ ನಡುಗತೊಡಗಿತು. ಎಂಬತ್ತಮೂರು ವಯಸ್ಸು. ಹುರಿಯ ಗಂಟು ಬೆರಳಿಗೆ ನಿಲ್ಲಲಿಲ್ಲ. ಆ ವರ್ಷದ ಮೇಳ ಮುಗಿದ ಮೇಲೆ ಅವಳು ಡಲ್ಲಾಸ್ ಹತ್ತಿರದ ಸೌತ್‌ಲೇಕಿನ ಮಗನ ಮನೆಗೆ ಹೋಗಿ ಇರುವುದೆಂದು ಗೊತ್ತಾಯಿತು. ಮೇಳದ ಕಾರ್ಯದರ್ಶಿ ಒಗಿಲ್ವಿ ಎಂಬವರು ಡಲ್ಲಾಸಿನವರು, ಮರ್ಯಾದಸ್ಥರು. ಗೇಟಿನ ಪಕ್ಕದ ಆ ಜಾಗವನ್ನು ಮೀನು ಕರಿದು ಕೊಡುವ ವ್ಯಾನಿನವರು ಕೇಳುತ್ತಿದ್ದಾರೆ, ನಿಮ್ಮ ಬಳಿಕ ಮಾಡುವವರಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದರು. ಮಾಡುವವಳು ಇದ್ದಾಳೆ, ಸೆಪ್ಟೆಂಬರಿನಲ್ಲಿ ಬಂದು ತಿಂದು ನೋಡಿ, ಎಂದಳು ಜೀನ್. ತುಳಸಿಯನ್ನು ಒಂದು ಮಾತೂ ಕೇಳಿರಲಿಲ್ಲ.

ವಿಷಯ ತಿಳಿದ ದಿನ ತುಳಸಿ ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿನ ಹಾಳೆ ತಿರುವಿದಳು. ಇಪ್ಪತ್ತೆರಡು ವರ್ಷದಲ್ಲಿ ಈ ದೇಶದಲ್ಲಿ ಯಾರೂ ಅವಳಿಗೆ ಏನನ್ನೂ ಹೀಗೆ ನಂಬಿ ವಹಿಸಿರಲಿಲ್ಲ. ನಲವತ್ತು ವರ್ಷದ ಬೆಂಕಿ ಈಗ ತನ್ನ ಕೈಗೆ ಬರಬೇಕು, ಇಲ್ಲವೆಂದರೆ ಆರಿಹೋಗಬೇಕು. ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಏಕೆಂದರೆ ಒಗಿಲ್ವಿ ತಿಂದು ನೋಡುವ ಪರೀಕ್ಷೆಯ ದಿನವೂ ಶನಿವಾರ, ಕಟ್ಟುವುದು ಮತ್ತೆ ಶುಕ್ರವಾರ.

ಸೆಪ್ಟೆಂಬರಿನ ಪರೀಕ್ಷೆಗೆ ಮೀನು ಗುರುವಾರ ಸಂಜೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಜೀನಳ ಮನೆಗೆ ಬಂತು. ಜೀನ್ ಆ ವಾರ ಡಾಕ್ಟರನ್ನು ನೋಡಲು ಸೌತ್‌ಲೇಕಿಗೆ ಹೋಗಿದ್ದಳು, ಶನಿವಾರ ಬೆಳಿಗ್ಗೆ ಬರುವವಳು. ಮನೆಯ ಕೀಲಿ ತುಳಸಿಯ ಕೈಯಲ್ಲಿತ್ತು. ಗುರುವಾರ ಅವಳು ಮೀನು ಸೀಳಿ ಉಪ್ಪು ಹಾಕಿದಳು. ಶುಕ್ರವಾರ ಬೆಳಿಗ್ಗೆ ತೊಳೆದು ಕಟ್ಟಬೇಕು. ಕಟ್ಟಲಿಲ್ಲ. ಚಿದಾನಂದನಿಗೆ ಬಂದರಿನಲ್ಲಿ ಡ್ಯೂಟಿ. ಮಹತಿಗೆ ಫೋನ್ ಮಾಡಿದಳು. “ಅಮ್ಮಾ, ಜಸ್ಟ್ ಟೆಲ್ ಹರ್. ಎಷ್ಟು ವರ್ಷ ಹೀಗೆ ಹೈಡ್ ಮಾಡ್ತೀಯ?” ಎಂದಳು ಮಗಳು. ಹೇಳಲು ತುಳಸಿಗೆ ಬಾಯಿ ಬರಲಿಲ್ಲ. ವಾರಕ್ಕೊಂದು ದಿನ ಮೀನು ಮುಟ್ಟದವಳ ಕೈಗೆ ಮೀನಿನ ಕಸುಬು ಕೊಡುತ್ತಾರೆಯೇ?

ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಮಲ್ಪೆಯಲ್ಲಿ ಅಮ್ಮನ ಉಪ್ಪುಮೀನು ಹಂಡೆಯಲ್ಲಿ ಮೂರು ದಿನ ಕೂತಿರುತ್ತಿತ್ತು. ಉಪ್ಪು ಹೆಚ್ಚು ಹೊತ್ತು ಹಿಡಿದಷ್ಟೂ ಮೀನು ಒಳ್ಳೆಯದಾಗುವುದನ್ನೇ ಅವಳು ನೋಡಿದ್ದು. ಇನ್ನೊಂದು ದಿನ ಕೂತರೆ ಏನಾದೀತು? ಶುಕ್ರವಾರವಿಡೀ ಮೀನು ಉಪ್ಪಿನಲ್ಲೇ ಇತ್ತು. ಶನಿವಾರ ಬೆಳಕು ಹರಿಯುವಾಗ ತೊಳೆದು, ಕಟ್ಟಿ, ಎರಡು ಗಂಟೆ ಆರಿಸಿ, ಬೆಂಕಿಗೆ ಹಾಕಿದಳು.

ಒಗಿಲ್ವಿ ಡಲ್ಲಾಸಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ತುಳಸಿ ತನ್ನ ಇಂಗ್ಲಿಷಿನಲ್ಲಿ ಮಾಂಟ್ರೋಸಿನಿಂದ ಡಂಡೀವರೆಗೆ ತಪ್ಪಿಲ್ಲದೆ ಹೇಳಿದಳು. ಗೋಣಿ ಎತ್ತಿದಳು. ಬಣ್ಣ ನೋಡಿ ಜೀನಳ ಮುಖ ಅರಳಿತು. ಒಗಿಲ್ವಿ ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನೀರು ಕೇಳಿದರು. ಇನ್ನೊಮ್ಮೆ ನೀರು ಕೇಳಿದರು. ಮೀನು ಎಸಳಾಗಿ ಬಿಡಲಿಲ್ಲ, ಹಗ್ಗದ ಹಾಗೆ ಎಳೆಯಬೇಕಾಯಿತು.

ಜೀನ್ ತಿಂದು ತಟ್ಟೆ ಕೆಳಗಿಟ್ಟಳು. “ಉಪ್ಪಿನಲ್ಲಿ ಎಷ್ಟು ಹೊತ್ತು ಇಟ್ಟೆ?”

“ಒಂದು ರಾತ್ರಿ” ಎಂದಳು ತುಳಸಿ.

ಹೋಗುವಾಗ ಒಗಿಲ್ವಿ ಕಾರಿನ ಬಳಿ ನಿಂತು ತಮ್ಮ ತೀರ್ಮಾನ ಹೇಳಿದರು. ಮೇಳದಲ್ಲಿ ಈ ಸಲ ಪೀಪಾಯಿಯೂ ಇರಲಿ, ವ್ಯಾನೂ ಇರಲಿ. ಮೊದಲ ಬೆಂಕಿಯ ಮೀನು ತಿಂದು ನೋಡಿ, ಮುಂದಿನ ವರ್ಷದ ಜಾಗ ಯಾರಿಗೆಂದು ಅವತ್ತೇ ಹೇಳುವುದು.

ತುಳಸಿ ನಾಲ್ಕು ದಿನ ಜೀನಳ ಮನೆಯ ಕಡೆ ಹೋಗಲಿಲ್ಲ. ಮೀನು ಕೆಟ್ಟದ್ದಕ್ಕಿಂತ ‘ಒಂದು ರಾತ್ರಿ’ ಎಂದ ಸುಳ್ಳೇ ಅವಳನ್ನು ಹೆಚ್ಚು ಕಾಡಿತು. ಐದನೆಯ ದಿನ ಸಂಜೆ ದೇವಿಗೆ ದೀಪ ಹಚ್ಚಿ, ಗಂಡನಿಗೆ ಕಾರು ತೆಗೆಯಲು ಹೇಳಿದಳು. ಜೀನಳ ಮನೆಯ ಸೋಫಾದ ತುದಿಯಲ್ಲಿ ಕೂತು, ಮಲ್ಪೆಯ ತೂಫಾನಿನಿಂದ ಹಿಡಿದು ತಾಯಿ ಸತ್ತ ವಾರದವರೆಗೆ ಎಲ್ಲವನ್ನೂ ಹೇಳಿದಳು. ಎರಡು ರಾತ್ರಿ ಇಟ್ಟಿದ್ದೆ, ಒಂದು ಅಂದೆ, ಎಂದಳು. ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಚಿದಾನಂದ್ ಸಹ ಎಂದೂ ಕೇಳಿರಲಿಲ್ಲ.

ಜೀನ್ ಕಿಟಕಿಯ ಕಡೆ ನೋಡುತ್ತ ಕೊನೆಯವರೆಗೂ ಕೇಳಿದಳು.

“ಶುಕ್ರವಾರಕ್ಕೆ ನನಗೆ ಸಿಟ್ಟಿಲ್ಲ” ಎಂದಳು. “ಒಂದು ರಾತ್ರಿ ಅಂದೆಯಲ್ಲ, ಅದಕ್ಕೆ ಸಿಟ್ಟು. ಇನ್ನೂ ಒಂದು ವಾರ ಇರುತ್ತೆ, ಆಮೇಲೆ ಹೋಗುತ್ತೆ.”

ಹಾಗೆಂದು ತನ್ನ ಅಜ್ಜಿಯ ವಿಷಯ ಹೇಳಿದಳು. ಆಕ್‌ಮಿಥಿಯ ಆ ಹೆಂಗಸು ಭಾನುವಾರ ಆಲೂಗಡ್ಡೆಯ ಸಿಪ್ಪೆ ಸಹ ತೆಗೆಯುತ್ತಿರಲಿಲ್ಲವಂತೆ. ಶನಿವಾರವೇ ತೆಗೆದು ನೀರಿನಲ್ಲಿ ಹಾಕಿಡುತ್ತಿದ್ದಳು. ಒಂದು ಭಾನುವಾರ ಹೆರಿಂಗ್ ಮೀನಿನ ಹಿಂಡು ದಡದ ಹತ್ತಿರ ಬಂದು ನೀರೆಲ್ಲ ಬೆಳ್ಳಿಯಾದರೂ ಊರಿನ ಒಂದು ದೋಣಿಯೂ ಇಳಿಯಲಿಲ್ಲ. ಎಲ್ಲರೂ ಬಂಡೆಯ ಮೇಲೆ ಸಾಲಾಗಿ ನಿಂತು, ಮಾತಾಡದೆ ನೋಡಿದರು. ಅಂಥವರ ಮೊಮ್ಮಗಳು ನಾನು, ನಿನಗೆ ಹೇಳಲು ಹೆದರಿಕೆ ಏಕೆ ಬಂತು? ಎಂದು ಕೇಳಿದಳು. ತುಳಸಿ ಕಣ್ಣು ಒರೆಸಿಕೊಂಡಳು.

ಈಗ ಉಳಿದದ್ದು ಶುಕ್ರವಾರ ಯಾರು ಕಟ್ಟುವುದು ಎಂಬುದು. ಜೀನ್ ತನ್ನ ನಡುಗುವ ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು. ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಚಿದಾನಂದ್ ಮುಂದೆ ಬಂದ.

“ಗಂಟು ತಾನೆ? ಒಂದು ತೋರಿಸಿ ಕಾಣುವ.”

ಜೀನ್ ಕಷ್ಟಪಟ್ಟು ಒಂದು ಜೊತೆ ಮರದ ಚಮಚಗಳಿಗೆ ಹುರಿ ಸುತ್ತಿ ತೋರಿಸಿದಳು. ಅವನು ಕನ್ನಡಕ ಏರಿಸಿ, ಬಂದರಿನಲ್ಲಿ ಕೊಂಡಿ ಪರೀಕ್ಷಿಸುವ ಹಾಗೆ ಎಳೆದು ನೋಡಿದ. ಈ ಗಂಟು ಭಾರಕ್ಕೆ ಜಾರುತ್ತದೆ, ಇದನ್ನು ನಾನು ಪಾಸ್ ಮಾಡುವುದಿಲ್ಲ ಎಂದ. ನಲವತ್ತು ವರ್ಷದಲ್ಲಿ ಒಂದು ಮೀನೂ ಬಿದ್ದಿಲ್ಲ ಎಂದಳು ಜೀನ್. ಬೀಳದಿದ್ದದ್ದು ಮೀನಿನ ಪುಣ್ಯ ಎಂದ ಇವನು. ಇಬ್ಬರೂ ಒಂದು ಗಂಟೆ ವಾದ ಮಾಡಿದರು. ತುಳಸಿ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದಾಗಲೂ ವಾದ ಮುಗಿದಿರಲಿಲ್ಲ. ಚಹಾ ಕುಡಿದು ಅವನು ಜೀನ್ ಹೇಳಿದ ಗಂಟನ್ನೇ ಇಪ್ಪತ್ತು ಸಲ ಕಟ್ಟಿದ.

ನವೆಂಬರಿನ ಆ ವಾರ ಮಹತಿಯ ಲಿಯಾಂಡರಿನ ಮನೆಯ ಗ್ಯಾರೇಜಿನಲ್ಲಿ ಎಲ್ಲ ಇಳಿಯಿತು. ಗುರುವಾರ ಸಂಜೆ ತುಳಸಿ ನೂರ ಇಪ್ಪತ್ತು ಜೊತೆ ಮೀನಿಗೆ ಉಪ್ಪು ಹಾಕಿ ಕೈ ತೊಳೆದುಕೊಂಡಳು. ಶುಕ್ರವಾರ ತಲೆಗೆ ಸ್ನಾನ ಮಾಡಿ, ಒಳಗೆ ಅಡುಗೆಮನೆಯಲ್ಲಿ ಪಾಯಸಕ್ಕೆ ಇಟ್ಟಳು. ಗ್ಯಾರೇಜಿನ ಬಾಗಿಲ ಸಂದಿನಿಂದ ಮಾತು ಕೇಳಿಸುತ್ತಿತ್ತು. ಜೀನ್ ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸುತ್ತಿದ್ದಳು, ಚಿದಾನಂದ್ ತೊಳೆದು ಒರೆಸಿ ಕಟ್ಟುತ್ತಿದ್ದ. ಅದು ಸಡಿಲ. ಇಲ್ಲ, ಸರಿ ಉಂಟು. ಸಡಿಲ ಅಂದೆ. ಹಾಗಾದರೆ ನೀವೇ ಕಟ್ಟಿ. ಮಹತಿ ಎರಡು ಸಲ ಬಂದು, ಬೀದಿಯವರಿಂದ ದೂರು ಬರುತ್ತದೆ, ಮೆತ್ತಗೆ ಮಾತಾಡಿ ಎಂದು ಹೇಳಿ ಹೋದಳು. ಸಂಜೆಗೆ ಗ್ಯಾರೇಜಿನ ಉದ್ದಕ್ಕೂ ಕೋಲುಗಳ ಮೇಲೆ ಮೀನುಗಳು ಜೋಡಿ ಜೋಡಿಯಾಗಿ, ಫ್ಯಾನಿನ ಗಾಳಿಗೆ ಆರುತ್ತ ನಿಂತಿದ್ದವು. ತುಳಸಿ ಬಾಗಿಲಲ್ಲೇ ನಿಂತು ನೋಡಿದಳು. ನಲವತ್ತೈದು ವರ್ಷ ಹಿಂದೆ ದೇವಿಗೆ ಕೊಟ್ಟ ಒಂದು ಮಾತನ್ನು, ಅದರ ಸುದ್ದಿಯೇ ಇಲ್ಲದ ಊರಿನಲ್ಲಿ ಇಬ್ಬರು ಹೀಗೆ ಜಗಳವಾಡಿಕೊಂಡು ಕಾಪಾಡುತ್ತಾರೆಂದು ಅಮ್ಮನಿಗೆ ಗೊತ್ತಾದರೆ ನಗುತ್ತಿದ್ದಳು ಅನ್ನಿಸಿತು.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಉತ್ತರದ ಗಾಳಿ. ಹಿಂದಿನ ದಿನ ಬನಿಯನ್ನಿನಲ್ಲಿ ಓಡಾಡುವಷ್ಟು ಸೆಕೆ ಇತ್ತು. ಟೆಕ್ಸಸ್ಸಿನ ಚಳಿಗಾಳಿ ಹೀಗೆಯೇ, ಹೇಳದೆ ಬರುತ್ತದೆ. ಚೌಕುಳಿ ಕಿಲ್ಟ್ ಉಟ್ಟ ಗಂಡಸರು ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. ಪಂಚೆ ಎತ್ತಿ ಕಟ್ಟಿದವರ ಗತಿ ಎಲ್ಲ ಕಡೆ ಒಂದೇ ಎಂದ ಚಿದಾನಂದ್. ಗೇಟಿನ ಇನ್ನೊಂದು ಬದಿಗೆ ಕರಿದ ಮೀನಿನ ವ್ಯಾನ್ ನಿಂತಿತ್ತು, ಅದರ ಮುಂದೆ ಆಗಲೇ ಸಾಲು.

ತುಳಸಿ ಓಕ್ ಕಟ್ಟಿಗೆಗೆ ಬೆಂಕಿ ಹಚ್ಚಿ, ಮನಸ್ಸಿನಲ್ಲಿ ಉಚ್ಚಿಲದ ಕಡೆಗೆ ಒಮ್ಮೆ ನಮಸ್ಕಾರ ಮಾಡಿ, ಕೋಲುಗಳನ್ನು ಇಳಿಸಿ, ಗೋಣಿ ಒದ್ದೆ ಮಾಡಿ ಮುಚ್ಚಿದಳು. ಜನ ಸುತ್ತ ಸೇರಿದರು. ಒಗಿಲ್ವಿ ಕೈಕಟ್ಟಿ ನಿಂತರು. ಜೀನ್ ಸ್ವಲ್ಪ ದೂರದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಹ್ಯೂಸ್ಟನ್ ಕನ್ನಡ ಕೂಟದ ಅನಸೂಯ ಆಂಟಿ, ಉಡುಪಿಯವರು, ಆಸ್ಟಿನ್ನಿನ ಮಗನ ಮನೆಗೆ ಬಂದವರು, ಮಹತಿ ಕರೆದಳೆಂದು ಬಂದಿದ್ದರು. ಮೀನು ತಿನ್ನದವರಾದ್ದರಿಂದ ಮೂಗಿಗೆ ಸೆರಗು ಹಿಡಿದು ಹೊಗೆ ಬಾರದ ಕಡೆ ನಿಂತಿದ್ದರು. ಇಷ್ಟು ವರ್ಷ ತುಳಸಿ ಅವರಿಂದ ಬಚ್ಚಿಟ್ಟ ಕೆಲಸ ಇವತ್ತು ಬಯಲಿನಲ್ಲಿ ಹೊಗೆಯಾಡುತ್ತಿತ್ತು.

ತುಳಸಿ ಮಾಂಟ್ರೋಸಿನಿಂದ ಶುರುಮಾಡಿದಳು. ಹಿನ್ನೀರು, ಬಾತುಗಳು, ಅಗಲ ಬೀದಿ. ಹೇಳುತ್ತಲೇ ಅವಳ ಕಣ್ಣು ಗೋಣಿಯ ಅಂಚಿನ ಮೇಲಿತ್ತು. ಹೊಗೆ ನೇರವಾಗಿ ಏಳದೆ ಬಾಗಿ ಓಡುತ್ತಿತ್ತು. ಪೀಪಾಯಿಯ ಒಳಗಿನ ಸದ್ದು ಬೇರೆ ದಿನದ ಸದ್ದಾಗಿರಲಿಲ್ಲ, ಬೆಂಕಿ ಗಾಳಿ ಕುಡಿಯುತ್ತಿತ್ತು. ಅವಳು ಜೀನಳ ಕಡೆ ನೋಡಿದಳು. ಜೀನ್ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು.

ತುಳಸಿ ಒಂದು ಉಸಿರು ತೆಗೆದುಕೊಂಡು, ಬ್ರೆಕಿನ್ನಿನ ಗೋಪುರವನ್ನೂ ಹೊಲದ ಕಲ್ಲುಗಳನ್ನೂ ಫೋರ್ಫರನ್ನೂ ಬಿಟ್ಟು, ಸಮುದ್ರದ ಪಕ್ಕದಲ್ಲೇ ಆಕ್‌ಮಿಥಿಗೆ ನಡೆದಳು.

ಪೀಪಾಯಿಯ ಮುಂದೆ ನಿಂತಿದ್ದ ಒಬ್ಬ ಮುದುಕರು ಕೋಲು ಎತ್ತಿದರು. ಅವರು ಫೋರ್ಫರಿನವರು. ಜೀನ್ ನಲವತ್ತು ವರ್ಷ ನಮ್ಮೂರನ್ನು ಬೈದಳು, ನೀನು ಬಿಟ್ಟೇಬಿಟ್ಟೆಯಲ್ಲ, ಎಂದರು.

“ಇವತ್ತು ಗಾಳಿ ಉಂಟು, ಅಂಕಲ್” ಎಂದಳು ತುಳಸಿ. “ಫೋರ್ಫರ್ ಮುಂದಿನ ಬೆಂಕಿಗೆ.”

ಜನ ನಕ್ಕರು. ಕಂಬಳಿಯೊಳಗಿನಿಂದ ಜೀನಳ ನಗು ಎಲ್ಲರಿಗಿಂತ ಜೋರಾಗಿ ಬಂತು. ತುಳಸಿ ಗಂಡನನ್ನು ಬೆನ್ನ ಮೇಲೆ ಹೊತ್ತ ಹೆಂಗಸರ ಕಥೆ ಹೇಳಿದಳು, ಅಲ್ಲಿ ಮಾತ್ರ ಅವಸರ ಮಾಡಲಿಲ್ಲ. ತನ್ನ ತಾಯಿ ಬುಟ್ಟಿ ಹೊರುತ್ತಿದ್ದಳು, ಅದೂ ಅಷ್ಟೇ ಭಾರ, ಎಂದು ತನ್ನದೊಂದು ಮಾತು ಸೇರಿಸಿದಳು. ಮಠದ ದುಂಡು ಕಿಟಕಿಯ ದೀಪ, ಕಡಲ ಬಂಡೆಯ ದೀಪ, ಚೆಂಡು ಹುಡುಕುವವರು. ಡಂಡೀಗೆ ಬಂದಳು. ಬಂಗಾಳದ ಸೆಣಬು, ಗಿರಣಿಯ ಹೆಂಗಸರು, ಚಹಾದ ನೀರು.

“ಅಲ್ಲಿ ನೇಯ್ದ ಗೋಣಿ ಇದು” ಎಂದು ಎತ್ತಿದಳು.

ಹೊಗೆ ತಿಳಿಯಾಗುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಕೋಲುಗಳ ಮೇಲೆ ತಾಮ್ರದ ಬಣ್ಣ. ಒಂದು ಮೀನೂ ಬಿದ್ದಿರಲಿಲ್ಲ. ಚಿದಾನಂದ್ ಬಗ್ಗಿ ಒಂದೊಂದೇ ಗಂಟು ನೋಡಿ ತಲೆಯಾಡಿಸಿದ. ತುಳಸಿ ಮೊದಲ ಜೊತೆಯನ್ನು ಒಗಿಲ್ವಿಯವರ ಕೈಗೆ ಕೊಟ್ಟಳು. ಅವರು ಬೆರಳಿನಿಂದ ಒತ್ತಿದರು. ಎಸಳು ಬಿಟ್ಟಿತು. ತಿಂದರು. ನೀರು ಕೇಳಲಿಲ್ಲ. ಇನ್ನರ್ಧವನ್ನೂ ನಿಂತಲ್ಲೇ ಮುಗಿಸಿ, ಕೈ ಒರೆಸಿಕೊಂಡು, ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ಮುಂದಿನ ವರ್ಷದ ಗೇಟಿನ ಬಳಿಯ ಜಾಗದ ಅರ್ಜಿ. ಹೆಸರು ಬರೆಯುವಾಗ ಅಕ್ಷರ ಸರಿಯಾಗಿ ಹೇಳಿ, ತಪ್ಪು ಮಾಡಬಾರದು, ಎಂದರು. ತುಳಸಿ ಒಂದೊಂದೇ ಅಕ್ಷರ ಹೇಳಿದಳು.

ಜೀನಳ ಮೀನನ್ನು ತುಳಸಿಯೇ ಬಿಡಿಸಿ ತಟ್ಟೆಯಲ್ಲಿಟ್ಟು ಕೊಟ್ಟಳು. ನಡುಗುವ ಬೆರಳಿನಿಂದಲೇ ಜೀನ್ ಎತ್ತಿ ತಿಂದು ತಟ್ಟೆ ಖಾಲಿ ಮಾಡಿದಳು. ಮುಂದಿನ ವರ್ಷ ಸೌತ್‌ಲೇಕಿನಿಂದ ಬಂದು ಸಾಲಿನಲ್ಲಿ ನಿಲ್ಲುತ್ತೇನೆ, ನನಗೆ ಮೊದಲು ಕೊಡಬೇಡ, ಎಂದಳು.

ಅಷ್ಟರಲ್ಲಿ ಅನಸೂಯ ಆಂಟಿ ಹತ್ತಿರ ಬಂದಿದ್ದರು. ಸೆರಗು ಇನ್ನೂ ಮೂಗಿನ ಮೇಲೇ ಇತ್ತು.

“ತಿನ್ನಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ, ತುಳಸಿ” ಎಂದರು ಆಂಟಿ. “ಆದರೆ ಅವರ ಊರಿನ ಜೊತೆಗೆ ಯಾವುದೋ ಗೋಪುರದ ಊರನ್ನೂ ಬಿಟ್ಟೆ ಅಂತ ಆ ಅಜ್ಜ ಹೇಳ್ತಾ ಇದ್ರು. ಅದೆಂತ ಕಥೆ? ಅದನ್ನು ಕೇಳಿಯೇ ಹೋಗ್ತೇನೆ.”

ಗಂಡ ಎರಡನೆಯ ಸಾಲಿನ ಮೀನು ತಂದುಕೊಟ್ಟ. ತುಳಸಿ ಕೋಲು ಇಳಿಸಿ, ಗೋಣಿಗೆ ನೀರು ಚಿಮುಕಿಸಿ ಹೊದಿಸಿದಳು. ಫೋರ್ಫರಿನ ಮುದುಕರು ಎಲ್ಲಿಂದಲೋ ಒಂದು ಕುರ್ಚಿ ತಂದು ಎದುರಿಗೇ ಹಾಕಿಕೊಂಡರು. ಅವಳು ಮುಖ ಎತ್ತಿ ಹೊಗೆ ನೋಡಿದಳು. ಗಾಳಿ ಇಳಿದಿತ್ತು, ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಮಾಂಟ್ರೋಸಿನ ಬಾತುಗಳನ್ನು ಹೇಳಿ ಮುಗಿಸಿ, ತುಳಸಿ ಈ ಸಲ ಬ್ರೆಕಿನ್ನಿನ ದಾರಿ ಹಿಡಿದಳು.